ಸಂಜೆ ರೈಲಿನ ಸುಳ್ಳು ನಿದ್ದೆ

"ಏಯ್! ಮುಟ್ಟಬೇಡಿ!"

ಅವಳು ಕಿರುಚಿದ ರಭಸಕ್ಕೆ ಬೋಗಿಯಲ್ಲಿ ತೂಕಡಿಸುತ್ತಿದ್ದವರೆಲ್ಲ ಬೆಚ್ಚಿ ಎದ್ದರು.

ಎದುರಿಗೆ ನಿಂತಿದ್ದವನು ಬಿಸಿ ಪಾತ್ರೆ ತಾಗಿದವನಂತೆ ಕೈ ಹಿಂದಕ್ಕೆಳೆದುಕೊಂಡ. ಎತ್ತರದ ಆಳು. ಹೆಗಲಲ್ಲಿ ಸ್ಪ್ಯಾನರುಗಳು ಕಟಕಟ ಅನ್ನುವ ಚೀಲ. ಉಗುರುಗಳ ಸುತ್ತ ಎಷ್ಟು ತೊಳೆದರೂ ಹೋಗದ ಗ್ರೀಸಿನ ಕಪ್ಪು.

"ನಾನು... ಎಬ್ಬಿಸೋಕೆ..."

"ಎಬ್ಬಿಸೋಕೆ ನೀವ್ಯಾರ್ರೀ? ನಾನು ಕೇಳಿದ್ನಾ? ಹೆಂಗಸು ಒಬ್ಬಳೇ ಕಣ್ಣು ಮುಚ್ಚಿದ್ರೆ ಸಾಕು, ಭುಜ ಮುಟ್ಟೋಕೆ ಬಂದ್ಬಿಡ್ತೀರಾ?"

"ಅಲ್ಲ, ಊರು..."

"ಯಾವ ಊರು? ಯಾರ ಊರು?"

ಅಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತು. ರೈಲು ಹೊರಟಿತು. ಕಿಟಕಿಯಾಚೆ ನೀರಿನ ಟ್ಯಾಂಕು, ಸೈಕಲ್ ಸ್ಟ್ಯಾಂಡು, ಬ್ರೆಡ್ಡಿನ ಅಂಗಡಿ... ಒಂದೊಂದಾಗಿ ಹಿಂದೆ ಸರಿದವು. ಎಲ್ಲೋ ನೋಡಿದ ಹಾಗಿದೆಯಲ್ಲ ಅಂದುಕೊಂಡಳು. ಮರುಕ್ಷಣ ಎದೆ ಧಸಕ್ಕೆಂದಿತು.

"ಅಯ್ಯೋ! ಇದು ನನ್ನ ಸ್ಟೇಷನ್!"

"ಅದನ್ನೇ ಹೇಳೋಕೆ ಬಂದೆ," ಅಂದ ಅವನು, ಮೆಲ್ಲಗೆ. "ನಂದೂ ಅದೇ."

ಮುಂದಿನದು ಕೊನೆಯ ಸ್ಟೇಷನ್. ಅಲ್ಲಿ ಬೋಗಿ ಗುಡಿಸಿದ ಮೇಲೆ ಅದೇ ರೈಲು ವಾಪಸ್ ಹೊರಡುತ್ತದೆ. ಅಲ್ಲಿಯವರೆಗೆ ಇಬ್ಬರೂ ಪ್ಲಾಟ್‌ಫಾರ್ಮಿನ ಒಂದೇ ಬೆಂಚಿನ ಎರಡು ತುದಿಗೆ ಅಂಟಿಕೊಂಡು ಕೂತರು. ನಡುವೆ ಒಂದು ಸಂಸಾರ ಕೂರುವಷ್ಟು ಜಾಗ.

ಅವನೇ ಮೊದಲು ಮಾತಾಡಿದ. ಅವನು ಲಿಫ್ಟ್ ರಿಪೇರಿ ಮಾಡುವವನು. ಆ ಬೋಗಿಯಲ್ಲಿ ಒಂದು ಪದ್ಧತಿ ಇದೆಯಂತೆ. ನಿದ್ದೆ ಹೋದವರನ್ನು ಬಿಟ್ಟು ಯಾರೂ ಇಳಿಯುವಂತಿಲ್ಲ. ದಿನವಿಡೀ ನಗರದಲ್ಲಿ ದುಡಿದು ಬಂದವರು, ಕೂತ ತಕ್ಷಣ ಕುತ್ತಿಗೆ ವಾಲುತ್ತದೆ. ಎಚ್ಚರ ಇದ್ದವರು ಎಬ್ಬಿಸಬೇಕು. ಅವನಿಗೆ ರೈಲಿನಲ್ಲಿ ನಿದ್ದೆ ಬರುವುದಿಲ್ಲ, ಹಾಗಾಗಿ ಆ ಕೆಲಸ ಅವನ ತಲೆಗೇ ಬಿದ್ದಿತ್ತು.

"ನಾನು ನಿಮ್ಮೂರಿನವಳು ಅಂತ ಯಾರು ಹೇಳಿದ್ದು?"

"ಮೂಲೆ ಮನೆ ಬಹಳ ದಿನ ಖಾಲಿ ಇತ್ತು. ಕಿಟಕಿಗೆ ಹಳದಿ ಪರದೆ ಬಂತು. ಮಾರನೇ ದಿನ ಸ್ಟೇಷನ್‌ಗೆ ಹೊಸ ಮುಖ ಬಂತು." ಅವನು ಭುಜ ಕುಣಿಸಿದ. "ಇದಕ್ಕೆ ಯಾರೂ ಹೇಳ್ಬೇಕಾಗಿಲ್ಲ."

ಅವಳಿಗೆ ನಗು ಬರುವುದರಲ್ಲಿತ್ತು. ತಡೆದುಕೊಂಡಳು. ನಕ್ಕರೆ ಮಾತು ಬೆಳೆಯುತ್ತದೆ, ಮಾತು ಬೆಳೆದರೆ... ಬೇಡಪ್ಪ, ಸಾಕು!

"ನೋಡಿ, ಎಬ್ಬಿಸಿ. ಬೇಡ ಅನ್ನಲ್ಲ. ಆದ್ರೆ ಮುಟ್ಟೋದು ಬೇಡ. ಬೇರೆ ಮಾತುಕತೆನೂ ಬೇಡ. ಒಬ್ಬರ ಮಾತು ಕೇಳಿ ಕೇಳಿ ನಂಗೆ ಸಾಕಾಗಿದೆ."

ಅವನು ಅವಳನ್ನೊಮ್ಮೆ ನೋಡಿದ. ಯಾರ ಮಾತು, ಏನು ಕಥೆ ಎಂದು ಕೇಳಲಿಲ್ಲ.

"ಸರಿ," ಅಂದ.

ಮಾರನೇ ಸಂಜೆಯಿಂದ ಅವಳ ಎದುರಿನ ಸೀಟಿನಲ್ಲಿ ಕೂತು, ಸ್ಟೇಷನ್ ಬಂದಾಗ ಒಂದು ಮಾರು ದೂರದಿಂದ ಬಾಗಿ ಎರಡೇ ಪದ ಹೇಳತೊಡಗಿದ.

"ಊರು ಬಂತು."

*

ಅವಳು ಹಲ್ಲಿನ ಸೆಟ್ ಮಾಡುವವಳು. ನಗರದ ಹಳೇ ಕಟ್ಟಡವೊಂದರ ಲ್ಯಾಬಿನಲ್ಲಿ, ದಂತವೈದ್ಯರು ಕಳಿಸುವ ಪ್ಲಾಸ್ಟರ್ ಅಚ್ಚುಗಳನ್ನು ಮುಂದಿಟ್ಟುಕೊಂಡು, ಬೆಚ್ಚಗಿನ ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸುವುದು ಅವಳ ಕೆಲಸ. ಬಾಯಿ ಯಾರದು, ಮುಖ ಹೇಗಿದೆ, ಅವಳಿಗೆ ಗೊತ್ತಾಗುವುದೇ ಇಲ್ಲ. ಮುಖ ನೋಡದೆ ನಗು ಮಾಡಿಕೊಡುವ ಕಸುಬು.

ನಗರದಲ್ಲಿ ಅಕ್ಕ-ಭಾವನ ಜೊತೆಗಿದ್ದಾಗ ಒಬ್ಬನನ್ನು ಪ್ರೀತಿಸಿದ್ದಳು. ಮಾತಿನಲ್ಲೇ ಅರಮನೆ ಕಟ್ಟಿ, ಕಿಟಕಿಗೆ ಯಾವ ಬಣ್ಣ ಎಂದು ಅವಳನ್ನೇ ಕೇಳುತ್ತಿದ್ದವನು. ಕೊನೆಗೆ ಬೇರೊಬ್ಬಳನ್ನು ಮದುವೆಯಾಗಿ ಅದೇ ಬೀದಿಯ ಆ ತುದಿಯಲ್ಲಿ ಸಂಸಾರ ಹೂಡಿದ. ದಿನಾ ಹಾಲು ತರಲು ಹೋದರೆ ಎದುರಾಗುತ್ತಿದ್ದ. ಚೆನ್ನಾಗಿದ್ದೀಯಾ ಎಂದು ಕೇಳುತ್ತಿದ್ದ, ಆ ಪುಣ್ಯಾತ್ಮ!

ಅದಕ್ಕೇ ಈ ಊರು.

ಊರೆಂದರೆ ಊರೂ ಅಲ್ಲ. ನಗರವು ಮಲಗಲು ಹೊರಗೆ ಹಾಕಿಕೊಂಡ ಹಾಸಿಗೆ. ಬೆಳಗಿನ ರೈಲು ಎಲ್ಲರನ್ನೂ ಬಾಚಿಕೊಂಡು ಹೋದರೆ ಬೀದಿಯಲ್ಲಿ ನಾಯಿ ಬೊಗಳಲೂ ಕಾರಣವಿರುವುದಿಲ್ಲ. ಸಂಜೆ ಅದೇ ರೈಲು ಅದೇ ಜನರನ್ನು ವಾಪಸ್ ಸುರಿಯುತ್ತದೆ. ನೆರೆಹೊರೆಯವರು ಒಬ್ಬರನ್ನೊಬ್ಬರು ಬೀದಿಯಲ್ಲಿ ನೋಡುವುದಕ್ಕಿಂತ ಬೋಗಿಯಲ್ಲಿ ನೋಡುವುದೇ ಹೆಚ್ಚು. ಎದುರು ಮನೆಯವರ ಗೊರಕೆ ಗೊತ್ತು, ಅಡುಗೆಮನೆ ಗೊತ್ತಿಲ್ಲ.

ಅವಳಿಗೆ ಬೇಕಾಗಿದ್ದೂ ಇದೇ. ಯಾರೂ ಏನೂ ಕೇಳದ ಜಾಗ.

ಆದರೆ...

ಕೆಲವು ತಿಂಗಳು ಕಳೆದ ಮೇಲೆ ಒಂದು ಸಂಜೆ ಅವಳಿಗೆ ನಿದ್ದೆ ಬರಲಿಲ್ಲ. ರೈಲು ತಿರುವಿನಲ್ಲಿ ವಾಲಿತು. ಎದುರಿನವನು ಎದ್ದು ಚೀಲ ಹೆಗಲಿಗೇರಿಸಿದ. ಅವಳು, ಯಾಕೆಂದು ಅವಳಿಗೇ ತಿಳಿಯದೆ, ಪಟ್ಟನೆ ಕಣ್ಣು ಮುಚ್ಚಿಬಿಟ್ಟಳು.

"ಊರು ಬಂತು."

ಅಬ್ಬಾ... ಆ ದನಿ! ನಿದ್ದೆಯ ಮಬ್ಬಿನಲ್ಲಿ ಇಷ್ಟು ದಿನ ಅದನ್ನು ಸರಿಯಾಗಿ ಕೇಳಿಯೇ ಇರಲಿಲ್ಲ. ತಣ್ಣಗೆ, ಅವಸರವಿಲ್ಲದೆ, ಅವಳೊಬ್ಬಳಿಗೇ ಅಂತ ಹೇಳಿದ ಎರಡು ಪದ. ಲ್ಯಾಬಿನಲ್ಲಿ ದಿನವಿಡೀ ಗ್ರೈಂಡರ್ ಸದ್ದು, ಮೂಗಿಗೆ ಬಾಯಿಗೆ ಮಾಸ್ಕು. ಮನೆಯಲ್ಲಿ ಗೋಡೆ. ಇಡೀ ದಿನದಲ್ಲಿ ಅವಳಿಗಾಗಿ ಯಾರಾದರೂ ಆಡುವ ಮಾತೆಂದರೆ ಅದೊಂದೇ.

ಅಂದಿನಿಂದ ಅವಳು ನಿದ್ದೆ ಮಾಡಲೇ ಇಲ್ಲ. ನಿದ್ದೆ ನಟಿಸತೊಡಗಿದಳು!

ಕಣ್ಣು ಮುಚ್ಚಿದ ಕತ್ತಲಲ್ಲಿ ಅವಳಿಗೆ ಎಲ್ಲವೂ ಗೊತ್ತಾಗುತ್ತಿತ್ತು. ಅವನಿಗೆ ನೆಗಡಿಯಾದ ದಿನ "ಊರು" ಒಡೆದು ಹೊರಬಂದರೆ, ಇವನಿಗೆ ಬಿಸಿನೀರು ಕಾಯಿಸಿಕೊಡುವವರು ಯಾರಿದ್ದಾರೋ ಎಂದು ಊಟ ಸೇರುತ್ತಿರಲಿಲ್ಲ. ದಣಿದ ದಿನ "ಬಂತು" ಅರ್ಧಕ್ಕೇ ನಿಲ್ಲುತ್ತಿತ್ತು.

ಒಂದು ದಿನ ಇಳಿಬಿಸಿಲು ನೇರ ಅವಳ ಮುಖಕ್ಕೆ ಹೊಡೆಯುತ್ತಿತ್ತು. ರೆಪ್ಪೆಯೊಳಗೆಲ್ಲ ಕೆಂಪು. ತಟ್ಟನೆ ಆ ಕೆಂಪು ತಂಪಾಯಿತು. ಸರ್... ಎಂದು ಕಿಟಕಿಯ ಶಟರ್ ಇಳಿದ ಸದ್ದು.

ಪಕ್ಕದಲ್ಲಿ ಕೂರುತ್ತಿದ್ದ ನರ್ಸಕ್ಕ ಮಾರನೇ ಬೆಳಿಗ್ಗೆ ಕಣ್ಣು ಹೊಡೆದು ಹೇಳಿದಳು, "ಲಿಫ್ಟಣ್ಣ ನಿನ್ನೆ ಕಿಟಕಿ ಮುಚ್ಚಿದ, ನೋಡಿದ್ಯಾ? ಆ ಕಿಟಕಿ ಮುಚ್ಚು ಅಂದಿದ್ದಕ್ಕೆ ಒಬ್ಬ ಟಿಕೆಟ್ ಇನ್ಸ್‌ಪೆಕ್ಟರ್ ಜೊತೆ ಜಗಳ ಆಡಿದ್ದ ಮಹಾರಾಯ! ದಿನವಿಡೀ ಬಾವಿಯಂಥ ಕತ್ತಲ ಗೂಡಲ್ಲಿ ನೇತಾಡ್ತೀನಿ, ಸಂಜೆ ಒಂದಿಷ್ಟು ಬಯಲು ನೋಡ್ಕೊಳ್ತೀನಿ ಬಿಡಿ ಅಂತ."

"ನಾನು ನಿದ್ದೆಯಲ್ಲಿದ್ದೆ," ಎಂದಳು ಅವಳು. ಕಿವಿ ಮಾತ್ರ ಬಿಸಿಯಾಗಿತ್ತು.

*

"ಲೇ, ಕೇಳಿಸ್ತಾ? ನಿನ್ನ ಓನರು ಫೋನ್ ಮಾಡಿದ್ರು," ಅಂದಳು ಅಕ್ಕ, ಫೋನಿನಲ್ಲಿ. "ಲ್ಯಾಬಿನ ಮೇಲಿನ ರೂಮು ನಿಂಗೇ ಕೊಡ್ತಾರಂತೆ. ಅವನೂ ಬೀದಿ ಬಿಟ್ಟು ಹೋಗಿದ್ದಾನೆ, ಪೀಡೆ ತೊಲಗಿತು. ಇನ್ನೂ ಯಾಕೆ ಆ ರೈಲಲ್ಲಿ ತೂಗಾಡ್ತೀಯಾ?"

ಸಂಜೆಯ ಬೋಗಿ. ಎದುರಿಗೆ ಅವನು ಬಯಲು ನೋಡುತ್ತ ಕೂತಿದ್ದಾನೆ. ಹೋಗಬೇಕಾ? ಎರಡೇ ಪದದ ಆಸೆಗೆ ಒಂದು ಬದುಕನ್ನು ಕಟ್ಟಿಹಾಕಲು ಬರುತ್ತದಾ? ಅವನು ಇನ್ನೊಂದೇ ಒಂದು ಪದ ಆಡಿದ್ದರೆ...

ಆಡಿಸೋಣ ಅನ್ನಿಸಿತು. ಹೆಣ್ಣಿನ ಹಟ! ಬೇಕೆಂದೇ ದನಿ ಏರಿಸಿದಳು.

"ಹೌದಕ್ಕ, ಬಂದ್ಬಿಡ್ತೀನಿ ಅನ್ಸುತ್ತೆ. ಇಲ್ಲಿ ನನ್ನ ಹಿಡಿದಿಡೋಕೆ ಯಾರಿದ್ದಾರೆ? ಈ ರೈಲು ಹತ್ತಿದ್ರೆ ಕಣ್ಣು ಮುಚ್ಕೊಂಡ್ಬಿಟ್ರೆ ಸಾಕು ಅನ್ಸುತ್ತೆ!"

ಓರೆಗಣ್ಣಿನಲ್ಲಿ ನೋಡಿದಳು. ಅವನು ಕಿಟಕಿಯಿಂದ ಮುಖ ತಿರುಗಿಸಿದ. ತುಟಿ ಅಲುಗಿತು. 'ಹೇಳು... ಹೇಳು ಮಾರಾಯ!'

ಅವನು ಕೆಳಗೆ ಬಗ್ಗಿ ಚೀಲದ ಬಾಯಿ ಬಿಗಿದ. ಅದು ಮೊದಲೇ ಬಿಗಿದಿತ್ತು.

ಮಾರನೇ ಸಂಜೆ ಎದುರು ಸೀಟು ಖಾಲಿಯಿತ್ತು. ಎಲ್ಲೋ ಬಾಗಿಲ ಬಳಿ ಮಾತಾಡುತ್ತ ನಿಂತಿರಬೇಕು, ತಿರುವು ಬರುವಷ್ಟರಲ್ಲಿ ಬರುತ್ತಾನೆ ಎಂದು ಅವಳು ಎಂದಿನಂತೆ ಕಣ್ಣು ಮುಚ್ಚಿದಳು. ತಿರುವು ಬಂತು. ಅವಳು ಉಸಿರು ಬಿಗಿಹಿಡಿದಳು.

"ಏಳೇ ಹಲ್ಲಿನ ಹುಡುಗೀ! ಇಳಿ, ಇಳಿ!"

ನರ್ಸಕ್ಕ! ತೊಡೆಗೆ ಒಂದು ಏಟು ಬೇರೆ.

"ಅವರು... ಅವರೆಲ್ಲಿ?"

"ಮುಂದಿನ ಬೋಗಿಗೆ ಹೋದ. ಇನ್ಮೇಲೆ ನಿನ್ನ ಎಬ್ಬಿಸೋದು ನನ್ನ ಕೆಲಸವಂತೆ. ಭುಜ ಮುಟ್ಟಬೇಡಿ, ಬೆಚ್ಚಿಬೀಳ್ತಾರೆ, ಅಂತ ಪಾಠ ಬೇರೆ ಹೇಳಿ ಹೋದ. ಅದಕ್ಕೇ ತೊಡೆಗೆ ಹೊಡೆದೆ."

"ಯಾಕಂತೆ?"

"ನಂಗೇನು ಗೊತ್ತಮ್ಮ? ಅವನ ಬಾಯಿಂದ ಮಾತು ಹೊರಡಿಸೋಕೆ ನಮ್ಮ ಆಸ್ಪತ್ರೆ ಚಿಮಟವೇ ಬೇಕು."

ಅವಳು ಪ್ಲಾಟ್‌ಫಾರ್ಮಿನಲ್ಲಿ ನಿಂತು ನೋಡಿದಳು. ಮುಂದೆ, ಇಳಿದ ಜನರ ನಡುವೆ, ಆ ಎತ್ತರದ ಬೆನ್ನು ತಿರುಗಿ ನೋಡದೆ ಹೋಗುತ್ತಿತ್ತು.

'ಅಷ್ಟೇನಾ? ಹೋಗ್ತೀನಿ ಅಂದಿದ್ದಕ್ಕೆ ಪೀಡೆ ಕಳೀತು ಅಂದ್ಕೊಂಡ್ರಾ?'

ಭಾನುವಾರ ಬ್ರೆಡ್ಡಿನ ಅಂಗಡಿಯಲ್ಲಿ ಸಿಕ್ಕ. ಪರಿಚಯವಿಲ್ಲದವರನ್ನು ಕಂಡ ಹಾಗೆ ತಲೆಯಾಡಿಸಿದ, ಚಿಲ್ಲರೆ ತೆಗೆದುಕೊಂಡ, ರಸ್ತೆ ದಾಟಿದ. ಇಷ್ಟು ತಿಂಗಳು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಿದ್ದವನು! ಅವಳು ಮನೆಗೆ ಬಂದು, ತಂದ ಬ್ರೆಡ್ಡನ್ನು ಮೇಜಿನ ಮೇಲಿಟ್ಟು, ಅದರ ಎದುರಿಗೇ ಕೂತು ಅತ್ತಳು. ಮೂಲೆಮನೆಯ ಗೋಡೆಗಳಿಗೆ ಇಷ್ಟು ದಿನ ಕೇಳಿರದ ಸದ್ದು ಅದು.

ಅಕ್ಕನಿಗೆ ಫೋನ್ ಮಾಡಿದಳು.

"ಬರ್ತೀನಕ್ಕ. ನಾಳೆ ಓನರಿಗೆ ಹೇಳ್ತೀನಿ."

*

ಸೋಮವಾರ. ಓನರು ಅವಳ ಮೇಜಿಗೇ ಬಂದು ನಿಂತರು. "ಏನಮ್ಮ, ರೂಮಿನ ವಿಷಯ? ಇವತ್ತು ಹೇಳ್ಬಿಡು. ಬೇರೆಯವರೂ ಕೇಳ್ತಿದ್ದಾರೆ."

"ಹ್ಞೂಂ" ಅನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಲ್ಯಾಬಿನ ಬಾಗಿಲಲ್ಲಿ ಏದುಸಿರು ಬಿಡುತ್ತ ಒಬ್ಬ ಅಜ್ಜಿ ಪ್ರತ್ಯಕ್ಷವಾದರು. ಕೈಯಲ್ಲಿ ಕರವಸ್ತ್ರದಲ್ಲಿ ಸುತ್ತಿದ ಹಲ್ಲಿನ ಸೆಟ್.

"ಇದನ್ನ ಮಾಡಿದ್ದು ಯಾರು?"

"ನಾನೇ ಅಜ್ಜಿ. ಚುಚ್ಚುತ್ತಾ?"

"ಚುಚ್ಚಲ್ಲ. ಅಳತೆ ಎಲ್ಲ ಸರಿಯಾಗಿದೆ. ಆದ್ರೆ ಇದು ನನ್ನ ಬಾಯಲ್ಲ!" ಅಜ್ಜಿ ಸೆಟ್ ಹಾಕಿಕೊಂಡು ನಕ್ಕು ತೋರಿಸಿದರು. ಮುತ್ತು ಪೋಣಿಸಿದಂಥ ಸಾಲು. "ನೋಡು, ಯಾರೋ ಪರದೇಶಿ ನಗ್ತಿದ್ದಾಳೆ. ನಂಗೆ ಮುಂದಿನ ಎರಡು ಹಲ್ಲಿನ ಮಧ್ಯೆ ಸಂದಿತ್ತು. ನನ್ನ ಗಂಡ ಮೊದಲು ನೋಡಿದ್ದೇ ಆ ಸಂದನ್ನ. ಈಗ ಮನೆಯಲ್ಲಿ ನನ್ನ ಮುಖ ನೋಡಿ, ಯಾರಮ್ಮ ನೀನು ಅಂತ ಕೇಳ್ತಾರೆ. ತಮಾಷೆಗೇ ಕೇಳ್ತಾರೆ... ಆದ್ರೂ ನಂಗೆ ಸಂಕಟ ಆಗುತ್ತೆ."

ಅವಳಿಗೆ ನಾಚಿಕೆಯಾಯಿತು. "ಚೆನ್ನಾಗಿ ಕಾಣ್ಲಿ ಅಂತ ನಾನೇ ಸಂದಿಲ್ಲದೆ ಕೂರಿಸಿದೆ ಅಜ್ಜಿ. ನೀವು ಹಾಗೇ ಬಯಸ್ತೀರಿ ಅಂದ್ಕೊಂಡೆ."

"ಅಂದ್ಕೊಂಡ್ಯಾ? ಒಂದ್ಸಲ ಕೇಳಿದ್ರೆ ಹೇಳ್ತಿದ್ನಲ್ಲಮ್ಮ!"

ಅವಳು ಅಲ್ಲೇ ಕೂತು ಅಜ್ಜಿಯ ಮುಖ ನೋಡುತ್ತ, ಕೇಳುತ್ತ, ಆ ಸಂದನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಿಡಿಸಿದಳು. ಅಜ್ಜಿ ಕನ್ನಡಿ ಹಿಡಿದು ನಕ್ಕಾಗ ಇಡೀ ಲ್ಯಾಬ್ ನಕ್ಕಿತು.

ಅವಳ ಕೈ ಮಾತ್ರ ಮೇಣದ ಮೇಲೆ ನಿಂತುಬಿಟ್ಟಿತ್ತು.

ಆ ಲಿಫ್ಟಿನವನು ಹೀಗೆ ಅಂದುಕೊಂಡೆ. ಹಾಗೆ ಅಂದುಕೊಂಡೆ. ಕಣ್ಣು ಮುಚ್ಚಿಕೊಂಡೇ ಅಚ್ಚು ತೆಗೆದೆ. ಒಂದ್ಸಲ... ಒಂದೇ ಒಂದ್ಸಲ ನಾನು ಮುಖ ನೋಡಿ ಕೇಳಿದ್ನಾ?

"ಸರ್," ಎಂದಳು ಎದ್ದು. "ರೂಮಿನ ವಿಷಯ... ಊರು ಮುಟ್ಟಿದ ಮೇಲೆ ಫೋನ್ ಮಾಡಿ ಹೇಳ್ತೀನಿ."

*

ಮುಂದಿನ ಬೋಗಿಯಲ್ಲಿ ಎಲ್ಲ ಅಪರಿಚಿತ ಮುಖಗಳು. ಅವಳು ಜನರ ನಡುವೆ ತೂರಿಕೊಂಡು, ಬೈಸಿಕೊಂಡು, ಕೊನೆಗೆ ಅವನನ್ನು ಕಂಡಳು. ಕಿಟಕಿ ಸಿಕ್ಕಿರಲಿಲ್ಲ. ಹಾದಿಯ ಬದಿಯ ಸೀಟಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವಳನ್ನು ನೋಡಿ ಗಾಬರಿಯಿಂದ ಎದ್ದ.

"ಕೂತ್ಕೊಳ್ಳಿ..."

"ಬೇಡ. ಕೂತ್ರೆ ಕಣ್ಣು ಮುಚ್ಚಿಬಿಡ್ತೀನಿ. ಇವತ್ತು ಮುಚ್ಚಬಾರದು."

ಅವನು ನಿಂತೇ ಇದ್ದ. ಅವಳೂ ನಿಂತಿದ್ದಳು. ಖಾಲಿಯಾದ ಸೀಟಿಗೆ ಡೊಳ್ಳು ಹೊಟ್ಟೆಯ ಒಬ್ಬರು ಸದ್ದಿಲ್ಲದೆ ಜಾರಿ ಕೂತರು.

"ಬೋಗಿ ಯಾಕೆ ಬದಲಾಯಿಸಿದ್ರಿ?"

ಅವನು ಚೀಲದ ಪಟ್ಟಿ ಸರಿಮಾಡಿಕೊಂಡ.

"ಕೇಳ್ತಿದ್ದೀನಿ!"

"ನಿಮಗೆ ಆರಾಮಾಗಲಿ ಅಂತ." ಅವನ ದನಿ ಕೆಳಗಿತ್ತು. "ಹೋಗೋ ತನಕವಾದ್ರೂ ಕಣ್ಣು ಬಿಟ್ಕೊಂಡು ಕೂರ್ಲಿ ಅಂತ."

"ಅಂದ್ರೆ?"

"ನೀವು ನಿದ್ದೆ ಮಾಡ್ತಿರ್ಲಿಲ್ಲ."

"ಗೊ... ಗೊತ್ತಿತ್ತಾ?!"

"ನಿದ್ದೆಯಲ್ಲಿರೋರು ಬ್ಯಾಗನ್ನ ಅಷ್ಟು ಬಿಗಿಯಾಗಿ ಹಿಡ್ಕೊಳ್ಳಲ್ಲ. ಮೊದಲನೇ ದಿನವೇ ಗೊತ್ತಾಯ್ತು." ಅವನು ನೆಲ ನೋಡಿದ. "ನನ್ನ ಮುಖ ನೋಡಬೇಕಾಗುತ್ತೆ, ಮಾತಾಡಬೇಕಾಗುತ್ತೆ ಅಂತ ಕಣ್ಣು ಮುಚ್ಕೊಂಡ್ಬಿಡ್ತೀರಿ ಅಂದ್ಕೊಂಡೆ. ಆದ್ರೂ ಎದ್ದು ಹೋಗೋಕೆ ಮನಸ್ಸು ಬರ್ಲಿಲ್ಲ. ದಿನಕ್ಕೆ ಎರಡು ಮಾತಾದ್ರೂ ನಿಮ್ಮ ಹತ್ರ ಆಡಬಹುದಲ್ಲ ಅಂತ... ಸ್ವಾರ್ಥ. ಅವತ್ತು ಫೋನಲ್ಲಿ ನೀವೇ ಅಂದ್ರಿ, ಈ ರೈಲು ಹತ್ತಿದ್ರೆ ಕಣ್ಣು ಮುಚ್ಚಿದ್ರೆ ಸಾಕು ಅಂತ. ಅದಾದ್ಮೇಲೆ ಎದುರಿಗೆ ಕೂರೋದು ತಪ್ಪು ಅನ್ನಿಸ್ತು."

"ಅಯ್ಯೋ ದಡ್ಡ!"

ಸುತ್ತಲಿನ ತಲೆಗಳೆಲ್ಲ ಅವರ ಕಡೆ ತಿರುಗಿದವು.

"ನಾನು ಕಣ್ಣು ಮುಚ್ಚಿದ್ದು ನಿಮ್ಮ ದನಿ ಕೇಳೋಕೆ! ಎಚ್ಚರ ಇದ್ರೆ ನೀವು ಎಬ್ಬಿಸ್ತಿದ್ರಾ? ಎಬ್ಬಿಸದೆ ಹೋದ್ರೆ ಆ ಎರಡು ಮಾತು ನಂಗೆ ಎಲ್ಲಿಂದ ಬರ್ತಿತ್ತು?"

ಅವನು ತಲೆಯೆತ್ತಿದ. ದಿನವಿಡೀ ಕತ್ತಲ ಗೂಡಿನಲ್ಲಿದ್ದು ಹೊರಗೆ ಬಂದವನಿಗೆ ಬೆಳಕು ಚುಚ್ಚುತ್ತದಲ್ಲ, ಹಾಗೆ ಕಣ್ಣು ಕಿರಿದು ಮಾಡಿ ಅವಳನ್ನೇ ನೋಡಿದ.

"ಮಾತು ಬೇಡ ಅಂದವರು ನೀವೇ..."

"ಯಾವತ್ತೋ ಹೇಳಿದ್ದು ಅದು!"

"ಆಮೇಲೆ ಬದಲಾಯ್ತು ಅಂತ ನಂಗೆ ಯಾರೂ ತಿಳಿಸ್ಲಿಲ್ಲ."

ಅವಳಿಗೆ ಅಳುವೋ ನಗುವೋ ಗೊತ್ತಾಗಲಿಲ್ಲ. ಎರಡೂ ಒಟ್ಟಿಗೇ ಬಂದವು. "ಈಗ ತಿಳಿಸ್ತಿದ್ದೀನಿ. ಓನರು ಕಾಯ್ತಿದ್ದಾರೆ. ಹೋಗ್ತೀನಿ ಅಂತ ಹೇಳ್ಲಾ, ಇರ್ತೀನಿ ಅಂತ ಹೇಳ್ಲಾ? ನೀವು ಏನು ಅಂದ್ಕೋತೀರಿ ಅಂತ ನಾನು ಇನ್ಮೇಲೆ ಊಹೆ ಮಾಡಲ್ಲ. ಬಾಯಿಬಿಟ್ಟು ಹೇಳಿ."

ರೈಲು ತಿರುವಿನಲ್ಲಿ ವಾಲಿತು. ಅವಳು ಆಯ ತಪ್ಪಿದಳು. ಅವನ ಕೈ ಮುಂದೆ ಬಂತು, ಅವಳ ಭುಜದ ಹತ್ತಿರ ಬಂದು, ಗಾಳಿಯಲ್ಲೇ ನಿಂತಿತು.

"ಹಿಡ್ಕೊಳ್ಳಪ್ಪಾ, ಬಿದ್ದುಬಿಟ್ಟಾರು!" ಅಂದರು ಡೊಳ್ಳು ಹೊಟ್ಟೆಯವರು, ತಾಳ್ಮೆಗೆಟ್ಟು.

ಅವಳೇ ಆ ಕೈ ಹಿಡಿದುಕೊಂಡಳು.

"ಹೋಗಬೇಡಿ," ಅಂದ ಅವನು. ಇಷ್ಟು ತಿಂಗಳ ನಂತರ ಅವಳು ಕೇಳಿದ ಹೊಸ ಪದ. "ಹೋಗಬೇಡಿ. ನಾನು... ನಂಗೆ ಮಾತಾಡೋಕೆ ಅಷ್ಟು ಬರಲ್ಲ. ಆದ್ರೆ ಹೋಗಬೇಡಿ."

*

ಪ್ಲಾಟ್‌ಫಾರ್ಮ್ ಖಾಲಿಯಾಗುವವರೆಗೆ ಇಬ್ಬರೂ ಅಲ್ಲೇ ನಿಂತಿದ್ದರು. ಹಿಂದಿನ ಬೋಗಿಯಿಂದ ಇಳಿದ ನರ್ಸಕ್ಕ, ಹಿಡಿದುಕೊಂಡಿದ್ದ ಕೈಗಳನ್ನು ನೋಡಿ, "ನನ್ನ ಕೆಲಸ ಹೋಯ್ತು ಹಾಗಾದ್ರೆ!" ಎಂದು ನಗುತ್ತ ಮುಂದೆ ನಡೆದಳು.

ಅವಳು ಫೋನ್ ಹಚ್ಚಿದಳು. "ಸರ್, ರೂಮು ಬೇರೆಯವರಿಗೆ ಕೊಟ್ಬಿಡಿ... ಇಲ್ಲ ಸರ್, ಯೋಚನೆ ಮಾಡೇ ಹೇಳ್ತಿದ್ದೀನಿ."

ಅಕ್ಕನಿಗೆ ನಾಳೆ ಹೇಳಿದರಾಯಿತು. ಬೈಗುಳಕ್ಕೆ ತುಂಬ ಹೊತ್ತು ಬೇಕು.

ಬೀದಿಯಲ್ಲಿ ಒಂದೊಂದೇ ಮನೆಯ ದೀಪ ಹೊತ್ತಿಕೊಳ್ಳುತ್ತಿತ್ತು. ಯಾರೋ ಬಾಗಿಲು ತೆಗೆಯುವ ಸದ್ದು, ಯಾರದೋ ನಲ್ಲಿಯ ಸದ್ದು. ಅವರು ಹೆಜ್ಜೆ ಎಳೆಯುತ್ತ ನಡೆದರು. ಎಷ್ಟು ಮೆಲ್ಲಗೆ ನಡೆದರೂ ಮನೆ ಹತ್ತಿರವೇ ಆಗುತ್ತಿತ್ತು.

"ಏನಾದ್ರೂ ಮಾತಾಡಿ," ಅಂದಳು.

"ಏನು ಮಾತಾಡ್ಲಿ?"

"ಏನಾದ್ರೂ. ಇವತ್ತು ಕೆಲಸದಲ್ಲಿ ಏನಾಯ್ತು ಅಂತ ಹೇಳಿ."

ಅವನು ಬಹಳ ಯೋಚಿಸಿದ. ಗಂಟಲು ಸರಿಮಾಡಿಕೊಂಡ.

"ಬೆಳಿಗ್ಗೆ ಒಂದು ಲಿಫ್ಟಲ್ಲಿ... ಮದುವೆ ಗಂಡು ಸಿಕ್ಕಿಹಾಕ್ಕೊಂಡಿದ್ದ."

"ಅಯ್ಯೋ! ಆಮೇಲೆ?"

"ಆಮೇಲೆ... ತುಂಬ ಉದ್ದ ಕಥೆ ಅದು. ನಿಮ್ಮ ಮನೆ ಬಂದ್ಬಿಡ್ತು."

"ಬರ್ಲಿ ಬಿಡಿ," ಎಂದಳು ಅವಳು, ಗೇಟಿನ ಮುಂದೆ ನಿಲ್ಲದೆ ಬೀದಿಯಲ್ಲೇ ಮುಂದೆ ನಡೆಯುತ್ತ. "ನೀವು ಹೇಳಿ."